ಆನ್‌ಲೈನ್ ಗೇಮಿನ ಕಥೆಗೆ ತಡವಾಗಿ ಬಂದವ್ರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ನಾವೊಂದಿಷ್ಟು ಜನ ಶನಿವಾರ ರಾತ್ರಿ ಒಟ್ಟಿಗೆ ಆಡ್ತೀವಿ, ಅದ್ರಲ್ಲಿ ಮೂರು ಜನ ಸೇರ್ಕೊಂಡು ಸಣ್ಣದೊಂದು ಮಲ್ಟಿಪ್ಲೇಯರ್ (ಹಲವರು ಒಟ್ಟಿಗೆ ಆಡೋ) ಗೇಮೂ ಮಾಡ್ತಿದೀವಿ. ಹೊಸದಾಗಿ ಆಡೋಕೆ ಬರೋರು ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆ, ಗೇಮ್ ಮಾಡೋಕೆ ಹೊರಟಿರೋ ಕಾಲೇಜು ಹುಡುಗ್ರು ಹುಡುಗೀರು ಕೇಳೋದೂ ಇವೇ, ಹಂಗಾಗಿ ಎರಡೂ ಒಂದೇ ಕಡೆ ಬರ್ದಿದೀನಿ. ನಿಮಗೆ ಬೇಕಾದ್ದು ಹುಡುಕಿ ಓದ್ಕೊಳ್ಳಿ.

ಹತ್ತು ವರ್ಷ ಹಳೇ ಗೇಮು, ಈಗ ಶುರು ಮಾಡಿದ್ರೆ ಕಥೆ ತಲೆಗೆ ಹೋಗತ್ತಾ?

ಯಾವ ಗೇಮ್ ಅಂತ ನೋಡ್ಕೊಂಡು ಹೇಳ್ಬೇಕು. ಫೈನಲ್ ಫ್ಯಾಂಟಸಿ 14 ತಗೊಳ್ಳಿ, ಅದ್ರಲ್ಲಿ ಮುಖ್ಯ ಕಥೆ ಅನ್ನೋದು ಒಂದೇ ದಾರ, 2013ರಲ್ಲಿ ಸೇರಿದವ್ರೂ ಇವತ್ತು ಸೇರೋರೂ ಅದೇ ತುದಿ ಹಿಡ್ಕೊಂಡೇ ಒಳಗೆ ಬರ್ಬೇಕು. ದುಡ್ಡು ಕೊಟ್ಟು ಮುಂದಕ್ಕೆ ಹಾರೋ ದಾರಿ ಇದೆ, ಆದ್ರೆ ಕಥೆ ಬೇಕು ಅನ್ನೋರು ಅದನ್ನ ಮುಟ್ಟೋದು ಬೇಡ. ಇದ್ರ ಕಷ್ಟ ಏನಪ್ಪಾ ಅಂದ್ರೆ ಉದ್ದ, ಸಿಕ್ಕಾಪಟ್ಟೆ ಉದ್ದ, ಮೊದಲ ಭಾಗ ಅಂತೂ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಓಡಾಡ್ಸಿ ಸುಸ್ತು ಮಾಡತ್ತೆ, ಅದು ಮಾಡಿದವ್ರಿಗೂ ಗೊತ್ತಾಗಿ 2020ರ ಆಗಸ್ಟಲ್ಲಿ ಒಂದಷ್ಟು ಕ್ವೆಸ್ಟ್, ಅಂದ್ರೆ ಕಥೆಲಿ ನಮಗೆ ಕೊಡೋ ಕೆಲಸಗಳನ್ನ, ಕತ್ತರಿಸಿ ಕಡಿಮೆ ಮಾಡಿದ್ರು. ಆದ್ರೂ ಹೊಸಬ್ರಿಗೆ ನಾನು ಮೊದ್ಲು ಹೇಳೋದು ಇದನ್ನೇ.

ಇದ್ರ ಹಿಂದೆ ಇರೋ ಒಂದು ವಿಷಯ ನಂಗೆ ಭಾಳ ಇಷ್ಟ. ಈ ಗೇಮ್ ಮೊದ್ಲು ಬಂದಿದ್ದು 2010ರಲ್ಲಿ, ಆಗ ಸೋತು ಹೋಯ್ತು. 2012ರ ನವೆಂಬರಲ್ಲಿ ಅದನ್ನ ಮುಚ್ಚುವಾಗ ಗೇಮಿನ ಒಳಗೇ ಆಕಾಶದಿಂದ ಚಂದ್ರನಂಥದ್ದೊಂದು ಕೆಳಗಿಳಿದು ಪ್ರಪಂಚ ಹಾಳಾಯ್ತು ಅಂತ ಕಥೆ ಮಾಡಿದ್ರು, 2013ರ ಆಗಸ್ಟಲ್ಲಿ ಹೊಸದಾಗಿ ಶುರು ಆದಾಗ ಆ ಅನಾಹುತ ಆಗಿ 5 ವರ್ಷ ಕಳ್ದಿದೆ. ಹಿಂದೆ ಕಾದಾಡಿದ ವೀರರು ಇದ್ರು ಅಂತ ಊರ ಜನಕ್ಕೆ ನೆನಪಿದೆ, ಆದ್ರೆ ಅವ್ರ ಮುಖ, ಹೆಸ್ರು ಯಾರಿಗೂ ನೆನಪಾಗಲ್ಲ. ನೋಡಿ, ಈ ಒಂದೇ ಉಪಾಯದಲ್ಲಿ ಹಳೇ ಆಟಗಾರರಿಗೆ ಗೌರವವೂ ಸಿಕ್ತು, ಹೊಸಬ್ರು ಒಳಗೆ ಬಂದಾಗ ತಾವು ಹಿಂದುಳಿದಿದೀವಿ ಅನ್ನಿಸೋದೂ ತಪ್ತು, ಯಾಕಂದ್ರೆ ಆ ಪ್ರಪಂಚದ ಜನಕ್ಕೇ ಅರ್ಧಂಬರ್ಧ ಮಾತ್ರ ಗೊತ್ತು.

ಡೆಸ್ಟಿನಿ 2 ಬೇರೆ ಥರ. 2017ರಲ್ಲಿ ಅದು ಯಾವ ಕಥೆ ಇಟ್ಕೊಂಡು ಬಂತೋ ಆ ಕಥೆನೇ 2020ರ ನವೆಂಬರಲ್ಲಿ ಗೇಮಿಂದ ಹೊರಗೆ ಹೋಯ್ತು. ಗೇಮಿನ ಸೈಜ್ ದೊಡ್ಡದಾಗಿ ನಿಭಾಯಿಸೋಕೆ ಆಗ್ತಿಲ್ಲ ಅನ್ನೋ ತಾಂತ್ರಿಕ ಕಾರಣ ಕೊಟ್ರು, ಅದ್ರಲ್ಲಿ ನಿಜ ಇದೆ. ಆದ್ರೆ ಆಮೇಲೆ ಬಂದವ್ರಿಗೆ ಪಾತ್ರಗಳು ತಮ್ಮೊಳಗೇ ಹಳೇ ಜಗಳ, ಹಳೇ ಸಾವು ಮಾತಾಡ್ಕೊತಾ ಇರೋದು ಕೇಳ್ಸತ್ತೆ, ಏನದು ಅಂತ ಪೂರ್ತಿ ಆಡಿ ತಿಳ್ಕೊಳ್ಳೋ ದಾರಿ ಇಲ್ಲ, ಯೂಟ್ಯೂಬಲ್ಲಿ ಗಂಟೆಗಟ್ಲೆ ವೀಡಿಯೋ ನೋಡ್ಬೇಕು.

ಮಲ್ಟಿಪ್ಲೇಯರಲ್ಲಿ ಕಥೆ ಹೇಳೋದು ಎಂತಕ್ಕೆ ಅಷ್ಟು ಕಷ್ಟ?

ಒಬ್ರೇ ಆಡೋ ಗೇಮಲ್ಲಿ ಕಥೆ ನಿಮಗೋಸ್ಕರ ಕಾಯತ್ತೆ. ಎದ್ದು ಹೋಗಿ ಊಟ ಮಾಡಿ, ನಾಲ್ಕು ದಿನ ಬಿಟ್ಟು ಬನ್ನಿ, ರಾಕ್ಷಸ ಅಲ್ಲೇ ನಿಂತಿರ್ತಾನೆ. ನೂರಾರು ಜನ ಒಟ್ಟಿಗೆ ಇರೋ ಕಡೆ ಹಂಗಲ್ಲ, ಒಬ್ರು ಮೊದಲ್ನೇ ಅಧ್ಯಾಯದಲ್ಲಿ, ಇನ್ನೊಬ್ರು ಹತ್ತನೇದ್ರಲ್ಲಿ, ಮತ್ತೊಬ್ರು ಕಥೆ ಮುಗ್ಸಿ ಬಟ್ಟೆ ಬಣ್ಣ ಬದಲಾಯ್ಸ್ಕೊಂಡು ಕೂತಿದಾರೆ, ಮೂರೂ ಜನ ನಿಂತಿರೋದು ಒಂದೇ ಪೇಟೆ ಬೀದಿಲಿ. ರಾಜ ಸತ್ತಿದಾನಾ ಬದುಕಿದಾನಾ ಅನ್ನೋದಕ್ಕೆ ಮೂರೂ ಜನ ಮೂರು ಉತ್ತರ ಕೊಡ್ತಾರೆ. ಮೇಲಿಂದ ನೀನೇ ಲೋಕ ಕಾಪಾಡೋ ಒಬ್ಬನೇ ವೀರ ಅಂತ ಎಲ್ರಿಗೂ ಹೇಳ್ಬೇಕು, ಪಕ್ಕದಲ್ಲೇ ಇನ್ನೂರು ಜನ ಅದೇ ವೀರರು ನಿಂತಿರ್ತಾರೆ.

ನಮ್ಮ ಕಡೆ ಇದಕ್ಕೆ ಒಳ್ಳೇ ಪಾಠ ಯಕ್ಷಗಾನದಲ್ಲಿದೆ. ಇಡೀ ರಾತ್ರಿ ಆಟ, ಗದ್ದೆಲಿ ರಂಗಸ್ಥಳ, ಜನ ಊಟ ಮುಗ್ಸಿ, ದನಕ್ಕೆ ಹುಲ್ಲು ಹಾಕಿ, ಹತ್ತಕ್ಕೊಬ್ರು ಹನ್ನೊಂದಕ್ಕೊಬ್ರು ಬರ್ತಾರೆ, ಮಧ್ಯದಲ್ಲಿ ಚಾ ಕುಡಿಯೋಕೆ ಎದ್ದು ಹೋಗ್ತಾರೆ, ನಿದ್ದೆನೂ ಮಾಡ್ತಾರೆ. ಆದ್ರೂ ಕಥೆ ತಪ್ಪಿ ಹೋಯ್ತು ಅಂತ ಯಾರೂ ಎದ್ದು ಮನೆಗೆ ಹೋಗಲ್ಲ. ಯಾಕೆ? ಒಡ್ಡೋಲಗ ಅಂತ ಒಂದಿದ್ಯಲ್ಲ, ಮುಖ್ಯ ಪಾತ್ರ ಬರುವಾಗ ಕುಣಿದು ತನ್ನ ಗತ್ತು ತೋರ್ಸ್ಕೊಂಡೇ ಬರತ್ತೆ, ಆಮೇಲೆ ಪೀಠಿಕೆ ಹಾಕಿ ನಾನು ಯಾರು, ಎಲ್ಲಿಂದ ಬಂದೆ, ಈಗ ಎಂತ ಆಗಿದೆ, ಮುಂದೆ ಎಂತ ಮಾಡೋನು ಅಂತ ತಾನೇ ಹೇಳತ್ತೆ. ಭಾಗವತರ ಪದದಲ್ಲಿ ಒಂದ್ಸಲ ಬಂದ ವಿಷಯ ಮಾತಲ್ಲಿ ಮತ್ತೊಂದ್ಸಲ ಬರತ್ತೆ. ಮೊದಲಿಂದ ಕೂತವ್ರಿಗೆ ಇದು ಬೇಜಾರಾಗಲ್ಲ, ಪ್ರತಿ ಸಲ ಹೊಸ ಅರ್ಥ ಸಿಗತ್ತೆ, ಈಗಷ್ಟೇ ಬಂದವ್ರಿಗೆ ಕಥೆ ಹಿಡಿಯೋಕೆ ಒಂದು ಕೊಂಬೆ ಸಿಗತ್ತೆ. ಗೇಮಲ್ಲೂ ಇಂಥ ಕೊಂಬೆ ನಡುನಡುವೆ ಇಡ್ಬೇಕು ಅನ್ನೋದು ನನ್ನ ವಾದ.

ಹಳೇ ಆಟಗಾರರ ಜೊತೆ ಆಡಿದ್ರೆ ಕಥೆ ತಪ್ಪಿ ಹೋಗತ್ತೆ ಅಂತಾರಲ್ಲ, ಹೌದಾ?

ಹೌದು, ಇದು ನಾನೇ ಕಣ್ಣಾರೆ ನೋಡಿದ್ದು. ನನ್ನ ತಂಗಿ ಮೊದಲ್ನೇ ಸಲ ಒಂದು ಡಂಜನ್ನಿಗೆ (ಗುಂಪು ಸೇರಿ ರಾಕ್ಷಸರ ಜೊತೆ ಕಾದಾಡೋ ಜಾಗ) ಹೋದ್ಲು, ಗೇಮ್ ಹೆಸ್ರು ಇಲ್ಲಿ ಬೇಡ. ಮೂರು ಜನ ಅಪರಿಚಿತರು, ಮೂರೂ ಜನಕ್ಕೆ ಆ ದಾರಿ ಬಾಯಿಪಾಠ. ಒಳಗೆ ಹೋದ ತಕ್ಷಣ ಕಟ್‌ಸೀನ್, ಅಂದ್ರೆ ಕಥೆ ಹೇಳೋ ವೀಡಿಯೋ ತುಣುಕು, ಶುರು ಆಯ್ತು, ಇವಳು ಇಂಗ್ಲಿಷ್ ಸಬ್‌ಟೈಟಲ್ ಒಂದೊಂದೇ ಸಾಲು ನಿಧಾನಕ್ಕೆ ಓದ್ತಾ ಇದ್ಲು, ಅಷ್ಟೊತ್ತಿಗೆ ಅವ್ರು ಸ್ಕಿಪ್ ಮಾಡಿ ಓಡಿ ಆಗಿತ್ತು. ಸೀನ್ ಮುಗ್ದು ನೋಡಿದ್ರೆ ದಾರಿ ತುಂಬ ಸತ್ತು ಬಿದ್ದ ಮಿಕಗಳು, ಯಾರೂ ಇಲ್ಲ. ಇವಳು ಖಾಲಿ ಓಣಿಲಿ ಓಡ್ಕೊಂಡು ಹೋಗಿ ಮುಟ್ಟೋ ಹೊತ್ತಿಗೆ ಕೊನೇ ರಾಕ್ಷಸ ಬಿದ್ದು ಎಲ್ರೂ ಹೊರಟೇ ಬಿಟ್ಟಿದ್ರು. 'ಅಣ್ಣಾ, ನಾವು ಗೆದ್ವಾ?' ಅಂತ ಕೇಳಿದ್ಲು. ಆ ಪ್ರಶ್ನೆ ನಂಗೆ ಇವತ್ತಿಗೂ ಮರ್ತಿಲ್ಲ, ಈ ಇಡೀ ವಿಷಯದಲ್ಲಿ ನಾನು ತಲೆ ಹಾಕೋಕೆ ಅದೇ ಕಾರಣ.

ಬೈಯೋದು ಸುಲಭ, ಆದ್ರೆ ಆ ಮೂರು ಜನ ಕೆಟ್ಟೋರಲ್ಲ, ಬೇಗ ಮುಗ್ಸಿದ್ರೆ ಜಾಸ್ತಿ ಬಹುಮಾನ ಅಂತ ಗೇಮೇ ಅವ್ರಿಗೆ ಕಲ್ಸಿದೆ. ಹಂಗಾಗಿ ಸರಿ ಮಾಡ್ಬೇಕಾದ್ದೂ ಗೇಮೇ. ಫೈನಲ್ ಫ್ಯಾಂಟಸಿ 14ರ ಮೊದಲ ಕಥೆಯ ಕೊನೇಲಿ ಪ್ರೆಟೋರಿಯಂ ಅನ್ನೋ ದೊಡ್ಡ ಡಂಜನ್ ಬರತ್ತೆ, ಅಲ್ಲೂ ಇದೇ ಗೋಳಿತ್ತು. ಮೊದ್ಲು ಸ್ಕಿಪ್ ಬಟನ್ನೇ ತೆಗೆದ್ರು, ಹೊಸಬ್ರಿಗೆ ಪೂರ್ತಿ ಕಥೆ ಸಿಕ್ತು, ಆದ್ರೆ ಹಳಬರು ಅದೇ ಸೀನನ್ನ ನೂರಾರು ಸಲ ನೋಡ್ತಾ ಫೋನ್ ಹಿಡ್ಕೊಂಡು ಕೂರೋ ಹಂಗಾಯ್ತು. 2022ರ ಏಪ್ರಿಲಲ್ಲಿ ಅದನ್ನ ಒಡೆದು ತುಂಡು ಮಾಡಿ, 8 ಜನರ ಜಾಗದಲ್ಲಿ 4 ಜನಕ್ಕೆ ಇಳ್ಸಿದ್ರು. ಅದೇ ಅಪ್‌ಡೇಟಲ್ಲಿ, ಕಥೆಯ ಡಂಜನ್‌ಗಳಿಗೆ ಮನುಷ್ಯರ ಬದಲು ಕಥೆಯ ಪಾತ್ರಗಳನ್ನೇ ಕರ್ಕೊಂಡು ಹೋಗೋ ವ್ಯವಸ್ಥೆಯನ್ನ ಹಳೇ ಭಾಗಕ್ಕೂ ತಂದ್ರು. ಆ ಪಾತ್ರಗಳು ನೀವು ಓದೋವರೆಗೂ ಕಾಯ್ತಾರೆ, ಅವಸರ ಮಾಡಲ್ಲ.

ಇಷ್ಟೇ ಅಲ್ಲ, ಆ ಗೇಮಲ್ಲಿ ಹೊಸಬ್ರ ಹೆಸ್ರಿನ ಪಕ್ಕ ಒಂದು ಪುಟ್ಟ ಹಸಿರು ಮೊಳಕೆ ಕಾಣತ್ತೆ, ಗುಂಪಲ್ಲಿ ಆ ಡಂಜನ್ ಮೊದಲ್ನೇ ಸಲ ನೋಡೋರು ಇದ್ರೆ ಎಲ್ರಿಗೂ ಸ್ವಲ್ಪ ಹೆಚ್ಚು ಬಹುಮಾನ ಸಿಗತ್ತೆ. ಹೊಸಬ್ರು ಬಂದ್ರೆ ಅಯ್ಯೋ ಅನ್ನೋ ಬದಲು ಬನ್ನಿ ಬನ್ನಿ ಅನ್ನೋ ಹಂಗೆ ಮಾಡಿದ್ದು, ಇದಕ್ಕಿಂತ ಕಡಿಮೆ ಖರ್ಚಿನ ಒಳ್ಳೇ ಡಿಸೈನ್ ನಾನು ನೋಡಿಲ್ಲ.

ಹಳೇ ಕಥೆ ಬದಲಾಯ್ಸೋದು, ತೆಗೆದು ಹಾಕೋದು ತಪ್ಪಾ?

ಯಾವಾಗ್ಲೂ ತಪ್ಪಲ್ಲ. ಫೋರ್ಟ್‌ನೈಟಲ್ಲಿ 2019ರ ಅಕ್ಟೋಬರಲ್ಲಿ ಇಡೀ ದ್ವೀಪವನ್ನ ಕಪ್ಪು ರಂಧ್ರ ನುಂಗಿ, ಸುಮಾರು ಎರಡು ದಿನ ಪರದೆ ಮೇಲೆ ಬೇರೇನೂ ಇರ್ಲಿಲ್ಲ, ಆಮೇಲೆ ಹೊಸ ದ್ವೀಪ ಬಂತು. ಅವತ್ತು ಹಳಬರು ಹೊಸಬ್ರು ಎಲ್ರೂ ಒಂದೇ ಗೆರೆ ಮೇಲೆ ನಿಂತ್ರು, ಹೊಸ ಜಾಗ ಯಾರಿಗೂ ಗೊತ್ತಿಲ್ಲ. ಜಾತ್ರೆ ಥರ ಅದು, ಹೋದ ವರ್ಷದ್ದು ತಪ್ಪಿದ್ರೂ ಈ ವರ್ಷದ್ದು ಪೂರ್ತಿ ಸಿಗತ್ತೆ.

ಕಷ್ಟ ಬರೋದು ಕಥೆ ಒಂದರ ಮೇಲೊಂದು ನಿಂತಿರುವಾಗ. ಗಿಲ್ಡ್ ವಾರ್ಸ್ 2 ತನ್ನ ಮೊದಲ ಲಿವಿಂಗ್ ವರ್ಲ್ಡ್ ಸೀಸನ್ ಕಥೆಯನ್ನ 2013-14ರಲ್ಲಿ ಆಯಾ ಕಾಲಕ್ಕೆ ನಡೆಸಿ ಮುಗ್ಸಿಬಿಡ್ತು, ಆಗ ಇದ್ದವ್ರಿಗೆ ಅದು ಹಬ್ಬ. ಆದ್ರೆ ಮುಂದಿನ ಕಥೆಯ ಮುಖ್ಯ ಪಾತ್ರಗಳೆಲ್ಲ ಹುಟ್ಟಿದ್ದು ಅಲ್ಲಿ, ಆಮೇಲೆ ಬಂದವ್ರಿಗೆ ಇವ್ರೆಲ್ಲ ಯಾವಾಗ ನಮಗೆ ಸ್ನೇಹಿತರಾದ್ರು ಅಂತಾನೇ ಗೊತ್ತಾಗ್ತಿರ್ಲಿಲ್ಲ. ಕೊನೆಗೆ 2022ರಲ್ಲಿ ಅದನ್ನ ಮತ್ತೆ ಕಟ್ಟಿ ಶಾಶ್ವತವಾಗಿ ವಾಪಸ್ ಇಟ್ರು. ವರ್ಲ್ಡ್ ಆಫ್ ವಾರ್‌ಕ್ರಾಫ್ಟದು ಇನ್ನೊಂದು ಥರ ಗೋಜಲು. 2010ರ ಡಿಸೆಂಬರಲ್ಲಿ ಕ್ಯಾಟಕ್ಲಿಸಮ್ ಅನ್ನೋ ಹೊಸ ಭಾಗ ಬಂದಾಗ 1ರಿಂದ 60ನೇ ಲೆವೆಲ್‌ವರೆಗಿನ ಹಳೇ ಊರುಗಳನ್ನ ಹೊಸದಾಗಿ ಬರೆದ್ರು, ಚೆನ್ನಾಗೇ ಬರೆದ್ರು, ಆದ್ರೆ 60 ದಾಟಿದ ಮೇಲೆ ಸಿಗೋ ಜಾಗಗಳು ಹಳೇ ಕಾಲದವು. ಹೊಸಬ್ರು ಇವತ್ತಿಂದ ಶುರು ಮಾಡಿ ಮೊನ್ನೆಗೆ ಹೋಗಿ ಮತ್ತೆ ಇವತ್ತಿಗೆ ಬರ್ಬೇಕಿತ್ತು. ಹಳೇ ಊರು ಹಂಗೇ ಬೇಕು ಅಂತ ಜನ ವರ್ಷಗಟ್ಲೆ ಕೇಳಿ ಕೇಳಿ 2019ರ ಆಗಸ್ಟಲ್ಲಿ ಕ್ಲಾಸಿಕ್ ಸರ್ವರ್ ಬಂತು.

ಶರಾವತಿ ಹಿನ್ನೀರಿನ ಕಡೆಯವ್ರಿಗೆ ಇದು ಬೇಗ ಅರ್ಥ ಆಗತ್ತೆ ಅನ್ಸತ್ತೆ. ಲಿಂಗನಮಕ್ಕಿ ಕಟ್ಟಿದ್ಮೇಲೆ ನೀರಡಿ ಹೋದ ಊರಿನ ಹೆಸ್ರು ಮನೆ ಹಿರಿಯರ ಬಾಯಲ್ಲಿ ಇವತ್ತಿಗೂ ಬರತ್ತೆ, ಮಕ್ಕಳು ಆ ಊರು ನೋಡಿಲ್ಲ, ಆದ್ರೂ ನಮ್ಮೂರು ಅಂತಾರೆ. ಜಾಗ ಹೋದ್ರೂ ಹೇಳೋರು ಇದ್ರೆ ಕಥೆ ನಿಲ್ಲತ್ತೆ. ಗೇಮಲ್ಲಿ ಆ ಹೇಳೋ ಕೆಲಸಕ್ಕೆ ಯಾರನ್ನಾದ್ರೂ ಇಡ್ದೇ ಜಾಗ ಮುಳುಗಿಸ್ಬಾರ್ದು.

ಟ್ಯುಟೋರಿಯಲ್ (ಆಡೋದು ಹೇಳಿಕೊಡೋ ಶುರುವಿನ ಭಾಗ) ಹೆಂಗಿರ್ಬೇಕು?

ಹೋದ ವರ್ಷ ಅಡಿಕೆ ಸುಲಿಯೋ ಟೈಮಲ್ಲಿ ತೀರ್ಥಹಳ್ಳಿ ಹತ್ರ ಅತ್ತೆ ಮನೆಗೆ ಹೋಗಿದ್ದೆ. ಅತ್ತೆ ಮೆಟ್ಟುಗತ್ತಿ ಮುಂದೆ ಕೂತಿದ್ರು, ಬೆರಳೆಲ್ಲ ಚೊಗರು. 'ಅತ್ತೆ, ಒಂದೈದು ನಿಮಿಷ ಇದನ್ನ ಆಡಿ ನೋಡ್ತೀರಾ' ಅಂತ ನಮ್ಮ ಗೇಮ್ ಇದ್ದ ಫೋನ್ ಕೊಟ್ಟೆ. ಸೆರಗಲ್ಲಿ ಕೈ ಒರೆಸ್ಕೊಂಡು ತಗೊಂಡ್ರು. ಶುರುವಲ್ಲೇ ಏಳು ಕಿಟಕಿ ಒಂದರ ಮೇಲೊಂದು ಬರ್ತಿತ್ತು, ನಡಿಯೋದು ಹಿಂಗೆ, ಎತ್ತೋದು ಹಿಂಗೆ, ಚಾಟ್ ಇಲ್ಲಿ, ಮ್ಯಾಪ್ ಅಲ್ಲಿ. ಎಲ್ಲ ಕನ್ನಡದಲ್ಲೇ ಇತ್ತು. ಅತ್ತೆ ಒಂದನ್ನೂ ಓದ್ಲಿಲ್ಲ, ಹಸಿರು ಬಟನ್ ಕಂಡಲ್ಲೆಲ್ಲ ಒತ್ತಿದ್ರು, ಏಳನೇದು ಮುಗ್ದ್ಮೇಲೆ ತಲೆ ಎತ್ತಿ 'ಈಗ ನಾನೆಲ್ಲಿದೀನಿ ಮಾರಾಯ? ಇವ್ರೆಲ್ಲ ಯಾರು?' ಅಂದ್ರು.

ಅತ್ತೆ ಮನೆಗೆ ಯಾರೇ ಬರ್ಲಿ, ಮೊದ್ಲು ಕೈಕಾಲಿಗೆ ನೀರು, ಆಮೇಲೆ ಕುಡಿಯೋಕೆ ನೀರು ಬೆಲ್ಲ, ಆಮೇಲೆ ಯಾವೂರು, ಯಾರ ಮನೆ ಕಡೆಯವ್ರು ಅಂತ ಮಾತು. ಬಂದವ್ರ ಕೈಗೆ ಮನೆ ನಿಯಮ ಬರ್ದ ಚೀಟಿ ಕೊಡಲ್ಲ. ಅದನ್ನೇ ಗೇಮಿಗೆ ತಂದ್ವಿ. ಈಗ ನಮ್ಮ ಗೇಮ್ ಹಿನ್ನೀರು ದಾಟೋ ಲಾಂಚಲ್ಲಿ ಶುರು ಆಗತ್ತೆ, ಪಕ್ಕದಲ್ಲಿ ಕೂತ ಅಜ್ಜಿ 'ಯಾವೂರಾತು? ಯಾರ ಮನೆ?' ಅಂತ ಕೇಳ್ತಾಳೆ, ನೀವು ಕೊಡೋ ಉತ್ತರನೇ ನಿಮ್ಮ ಪಾತ್ರ. 'ಈ ಗಂಟು ಸ್ವಲ್ಪ ಆಚೆ ಇಡು' ಅಂತಾಳೆ, ಎತ್ತೋದು ನಡಿಯೋದು ಎರಡೂ ಅಲ್ಲೇ ಬಂತು. ಎರಡನೇ ಸಲ ಅತ್ತೆಗೆ ಕೊಟ್ಟಾಗ ಗಂಟನ್ನ ಕೆಳಗಿಡ್ಲೇ ಇಲ್ಲ, ಅಜ್ಜಿದು ಕಳ್ದು ಹೋದ್ರೆ ಅಂತ ಹೋದಲ್ಲೆಲ್ಲ ಹೊತ್ಕೊಂಡೇ ತಿರುಗಿದ್ರು. ಅದನ್ನ ನೋಡಿ ಕಥೆನೇ ಬದಲಾಯ್ಸಿದ್ವಿ, ಈಗ ಆ ಗಂಟು ಕೊನೆವರೆಗೂ ಬರತ್ತೆ.

ದೊಡ್ಡ ಗೇಮ್‌ಗಳೂ ಈ ದಾರಿ ಹಿಡಿದಿದಾವೆ. ವಾರ್‌ಕ್ರಾಫ್ಟಲ್ಲಿ 2020ರಲ್ಲಿ ಬಂದ ಎಕ್ಸೈಲ್ಸ್ ರೀಚ್ ಅನ್ನೋ ದ್ವೀಪ 1ರಿಂದ 10ನೇ ಲೆವೆಲ್‌ವರೆಗೆ ಹೊಸಬ್ರಿಗೆ ಅಂತಲೇ ಇದೆ, ಹಡಗಲ್ಲಿ ಶುರು ಆಗಿ ಕೊನೆಗೆ ಒಂದು ಪುಟ್ಟ ಡಂಜನ್‌ವರೆಗೆ ಒಂದೇ ಕಥೆ. ಗುಂಪಲ್ಲಿ ಆಡೋದನ್ನ ದೊಡ್ಡವ್ರ ಮುಂದೆ ಮರ್ಯಾದೆ ಹೋಗೋ ಮೊದ್ಲೇ ಕಲಿಯೋಕೆ ಸಿಗತ್ತೆ. ಯಕ್ಷಗಾನ ಮೇಳದಲ್ಲೂ ಹೊಸ ಹುಡುಗ್ರು ಮೊದ್ಲು ಕೋಡಂಗಿ, ಬಾಲಗೋಪಾಲ ವೇಷ ಹಾಕ್ತಾರೆ, ಮುಖ್ಯ ಪ್ರಸಂಗ ಶುರು ಆಗೋ ಮೊದ್ಲು, ಅದೇ ರಂಗಸ್ಥಳ ಅದೇ ಚಂಡೆಗೆ. ಕಲಿಯೋದೂ ಆಟದ ಒಳಗೇ ಸೇರಿದೆ, ತಪ್ಪು ಹೆಜ್ಜೆ ಇಟ್ರೂ ನೋಡೋರು ನಡೀತದೆ ಅಂತಾರೆ.

ಹೊಸಬ್ರ ಮ್ಯಾಚಲ್ಲಿ ಬಾಟ್ (ಕಂಪ್ಯೂಟರೇ ಆಡ್ಸೋ ಆಟಗಾರರು) ಹಾಕ್ತಾರಂತೆ, ಅದು ಮೋಸ ಅಲ್ವಾ?

ಮನುಷ್ಯರು ಅಂತ ನಂಬ್ಸಿದ್ರೆ ನಂಗೆ ಇಷ್ಟ ಆಗಲ್ಲ. ಇದು ಕಂಪ್ಯೂಟರ್, ಇಲ್ಲಿ ಅಭ್ಯಾಸ ಮಾಡು ಅಂತ ಹೇಳಿ ಕೊಟ್ರೆ ಭಾಳ ಒಳ್ಳೇದು.

ಇಂಗ್ಲಿಷ್ ಅಷ್ಟು ಬರಲ್ಲ, ಮೈಕಲ್ಲಿ ಮಾತಾಡೋಕೆ ಮುಜುಗರ. ಆಡ್ಬೋದಾ?

ಆಡ್ಬೋದು. 2019ರ ಫೆಬ್ರವರಿಲಿ ಏಪೆಕ್ಸ್ ಲೆಜೆಂಡ್ಸ್ ಬಂದಾಗ ಎಲ್ರೂ ಹೊಗಳಿದ್ದು ಅದ್ರ ಪಿಂಗ್ ವ್ಯವಸ್ಥೆಯನ್ನ. ಒಂದು ಬಟನ್ ಒತ್ತಿದ್ರೆ ಇಲ್ಲಿ ಶತ್ರು, ಇಲ್ಲಿ ಗನ್, ಆ ಕಡೆ ಹೋಗೋಣ ಅನ್ನೋದೆಲ್ಲ ಜೊತೆಗಾರರಿಗೆ ಗುರುತು ಸಮೇತ ಹೋಗತ್ತೆ, ನಿಮ್ಮ ಪಾತ್ರನೇ ಬಾಯಿ ಬಿಟ್ಟು ಹೇಳತ್ತೆ. ಭಾಷೆ ಬರ್ದವ್ರು, ಕಿವಿ ಕೇಳ್ದವ್ರು, ಮೈಕಲ್ಲಿ ಹೆಣ್ಣು ದನಿ ಕೇಳಿದ ಕೂಡ್ಲೇ ಕೆಟ್ಟದಾಗಿ ಮಾತಾಡೋರಿಂದ ರೋಸಿ ಹೋದ ಹುಡುಗೀರು, ಪಕ್ಕದಲ್ಲಿ ಮಗು ಮಲಗಿರೋರು, ಇಷ್ಟೂ ಜನಕ್ಕೆ ಅದೊಂದೇ ಬಟನ್ ದಾರಿ ಮಾಡ್ಕೊಟ್ತು. 2012ರ ಜರ್ನಿ ಅನ್ನೋ ಗೇಮ್ ಇನ್ನೂ ಮುಂದೆ ಹೋಗಿತ್ತು, ಅದ್ರಲ್ಲಿ ನಿಮ್ಮ ಜೊತೆ ಸಿಗೋ ಅಪರಿಚಿತರ ಹೆಸ್ರೂ ಆಡುವಾಗ ಗೊತ್ತಾಗಲ್ಲ, ಮಾತಿಲ್ಲ, ಹಕ್ಕಿ ಥರ ಒಂದು ದನಿ ಮಾಡ್ಬೋದು ಅಷ್ಟೇ. ಅಷ್ಟರಲ್ಲೇ ಜನ ಒಬ್ರಿಗೊಬ್ರು ಕಾದು, ದಾರಿ ತೋರ್ಸಿ, ಕೊನೇಲಿ ಅತ್ತಿದಾರೆ.

ಕಥೆ ಓದೋಕೆ ಮಾತ್ರ ಭಾಷೆ ಬೇಕೇ ಬೇಕು. ಗೇಮ್ ಮಾಡೋರಿಗೆ ನನ್ನ ಕೋರಿಕೆ, ಕನ್ನಡ ಹಾಕೋದಾದ್ರೆ ನಾವು ಮಾತಾಡೋ ಕನ್ನಡ ಹಾಕಿ. ಸೆಟ್ಟಿಂಗ್ಸ್ ಅಂತ ಬರೆದ್ರೆ ಅತ್ತೆಗೂ ಗೊತ್ತಾಗತ್ತೆ, ವಿನ್ಯಾಸಗಳು ಅಂತ ಬರೆದ್ರೆ ನಂಗೂ ಗೊತ್ತಾಗಲ್ಲ. ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗ್ದೇ ಇರೋ ಹಂಗೆ ಸಾಲಿನ ಮಧ್ಯೆ ಜಾಗ ಬಿಡಿ.

ಕಣ್ಣು, ಕಿವಿ, ಕೈ ತೊಂದ್ರೆ ಇದ್ರೆ?

ಶುರು ಮಾಡೋ ಮೊದ್ಲೇ ಸೆಟ್ಟಿಂಗ್ಸ್ ತೆಗೆದು ನೋಡಿ. ಫೋರ್ಟ್‌ನೈಟಲ್ಲಿ ಹೆಜ್ಜೆ ಸದ್ದು, ಗುಂಡಿನ ಸದ್ದು ಯಾವ ದಿಕ್ಕಿಂದ ಬಂತು ಅಂತ ಪರದೆ ಮೇಲೆ ಚಿತ್ರ ತೋರ್ಸೋ ಆಪ್ಷನ್ ಇದೆ, ಕಿವಿ ಸರಿ ಇದ್ದವ್ರೂ ಅದನ್ನ ಹಾಕ್ಕೊಂಡು ಆಡ್ತಾರೆ. ಕೆಂಪು ಹಸಿರು ವ್ಯತ್ಯಾಸ ಕಾಣ್ದೇ ಇರೋದು ಗಂಡಸರಲ್ಲಿ ಸಾಮಾನ್ಯ, ಆದ್ರೂ ಎಷ್ಟೋ ಗೇಮಲ್ಲಿ ನಮ್ಮವ್ರು ಹಸಿರು, ಶತ್ರು ಕೆಂಪು ಅಂತ ಬಣ್ಣ ಒಂದನ್ನೇ ನಂಬ್ಕೊಂಡಿರ್ತಾರೆ, ಜೊತೆಗೊಂದು ಆಕಾರ ಕೊಟ್ರೆ ಮುಗೀತು. ಬಟನ್ ಜಾಗ ಬದಲಾಯ್ಸೋಕೆ ಬಿಡೋದು, ಅಕ್ಷರ ದೊಡ್ಡದು ಮಾಡೋಕೆ ಬಿಡೋದು, ಇವೆರಡು ಇಲ್ಲದ ಗೇಮನ್ನ ನಾನು ಹೊಸಬ್ರಿಗೆ ಹೇಳಲ್ಲ.

ಮಳೆಗಾಲದಲ್ಲಿ ಕರೆಂಟೂ ಇರಲ್ಲ ನೆಟ್ಟೂ ಇರಲ್ಲ. ನಾನು ಗುಂಪಿಗೆ ಭಾರ ಆಗಲ್ವಾ?

ಭಾರ ಆಗಲ್ಲ, ನಮ್ಮಲ್ಲಿ ಎಲ್ರದ್ದೂ ಅದೇ ಕಥೆ. ಆಗುಂಬೆ, ಹೊಸನಗರ ಕಡೆ ಜೂನಿಂದ ಮರ ಬಿದ್ದು ಲೈನ್ ಹೋದ್ರೆ ಯಾವಾಗ ಬರತ್ತೆ ಅಂತ ಹೇಳೋಕಾಗಲ್ಲ, 2020-21ರಲ್ಲಿ ಆನ್‌ಲೈನ್ ಕ್ಲಾಸಿಗೆ ಗುಡ್ಡ ಹತ್ತಿ, ಕೊಡೆ ಹಿಡ್ಕೊಂಡು ಕೂತ ಮಕ್ಕಳು ಇದೇ ಊರಿನವ್ರು. ಗೇಮ್ ಆರಿಸುವಾಗ ಎರಡು ವಿಷಯ ನೋಡಿ, ಮಧ್ಯದಲ್ಲಿ ಬಿದ್ದು ಹೋದ್ರೆ ಅದೇ ಆಟಕ್ಕೆ ವಾಪಸ್ ಸೇರೋಕೆ ಬಿಡತ್ತಾ, ಮತ್ತೆ ಬಿಟ್ಟು ಹೋದಿ ಅಂತ ಶಿಕ್ಷೆ ಕೊಡತ್ತಾ. ನೆಟ್ ಹೋದವ್ರನ್ನ ಬೇಕಂತ ಓಡಿ ಹೋದವ್ರ ಥರ ನೋಡೋ ಗೇಮ್ ಮಲೆನಾಡಿಗೆ ಆಗಿ ಬರಲ್ಲ. ಫೈನಲ್ ಫ್ಯಾಂಟಸಿ 14ಕ್ಕೆ ಭಾರತದಲ್ಲಿ ಸರ್ವರ್ ಇಲ್ಲ, ಹಂಗಾಗಿ ಸ್ವಲ್ಪ ತಡ ಆಗತ್ತೆ, ಆದ್ರೆ ಕಥೆ ಭಾಗಕ್ಕೆ ಅದು ದೊಡ್ಡ ತೊಂದ್ರೆ ಅಲ್ಲ.

ದುಡ್ಡು ಹಾಕ್ದೇ ಎಷ್ಟು ನೋಡ್ಬೋದು?

ಫೈನಲ್ ಫ್ಯಾಂಟಸಿ 14ರಲ್ಲಿ 2023ರ ಅಕ್ಟೋಬರಿಂದ ಫ್ರೀ ಟ್ರಯಲ್ 70ನೇ ಲೆವೆಲ್‌ವರೆಗೆ ಇದೆ, ಎರಡು ಎಕ್ಸ್‌ಪ್ಯಾನ್ಷನ್ (ಆಮೇಲೆ ಸೇರಿಸಿದ ದೊಡ್ಡ ಭಾಗ) ಕಥೆ ಸೇರಿ, ಇಷ್ಟೇ ದಿನ ಅಂತ ಗಡಿ ಇಲ್ಲ. ಒಂದು ಮಳೆಗಾಲಕ್ಕೆ ಧಾರಾಳ.

ಬರ್ದಿಟ್ಟ ಕಥೆ ಎಂತಕ್ಕೆ, ಆಟಗಾರರೇ ಕಥೆ ಮಾಡ್ಕೊಳ್ಳಲ್ವಾ?

ಮಾಡ್ಕೊತಾರೆ, ಅದ್ಭುತವಾಗಿ ಮಾಡ್ಕೊತಾರೆ. ಈವ್ ಆನ್‌ಲೈನಲ್ಲಿ 2014ರ ಜನವರಿಲಿ ಒಂದು ಜಾಗದ ಶುಲ್ಕ ಕಟ್ಟೋದು ತಪ್ಪಿ ಹೋಗಿ, ಅದೇ ಕಾರಣಕ್ಕೆ ಸಾವಿರಾರು ಜನ ಸುಮಾರು 21 ಗಂಟೆ ಯುದ್ಧ ಮಾಡಿದ್ರು, ಅದನ್ನ ಯಾವ ಬರಹಗಾರರೂ ಬರ್ದಿರ್ಲಿಲ್ಲ. ವಾರ್‌ಕ್ರಾಫ್ಟಲ್ಲಿ 2005ರ ಸೆಪ್ಟೆಂಬರಲ್ಲಿ ಒಂದು ರಾಕ್ಷಸನ ಶಾಪ ಡಂಜನ್ ಬಿಟ್ಟು ಹೊರಗೆ ಹಬ್ಬಿ ಊರೂರು ಖಾಲಿ ಆದವು, ಆಮೇಲೆ ಸಾಂಕ್ರಾಮಿಕ ರೋಗ ಓದೋ ವಿಜ್ಞಾನಿಗಳೇ ಅದನ್ನ ಎತ್ಕೊಂಡು ಬರೆದ್ರು. ಆದ್ರೆ ಇಂಥ ಕಥೆಲಿ ಹೊಸಬ್ರ ಪಾಲು ಎಷ್ಟು ಅಂತ ನೋಡಿ. ಅವತ್ತು ಶಾಪ ಹತ್ತಿ ಮೊದ್ಲು ಸತ್ತವ್ರು ಸಣ್ಣ ಲೆವೆಲಿನವ್ರು, ಏನಾಯ್ತು ಅಂತ ಗೊತ್ತಾಗೋ ಮೊದ್ಲೇ. ಬರ್ದಿಟ್ಟ ಕಥೆ ಹೊಸಬ್ರಿಗೆ ಕೈ ಹಿಡಿಯೋಕೆ, ತಾವೇ ಮಾಡ್ಕೊಳ್ಳೋ ಕಥೆ ಅವ್ರು ಇಲ್ಲೇ ಉಳಿಯೋಕೆ, ಹಂಗಾಗಿ ನಂಗೆ ಎರಡೂ ಬೇಕು.

ನಾವು ಕಾಲೇಜಲ್ಲಿ ಗೇಮ್ ಮಾಡ್ತಿದೀವಿ, ಮೊದ್ಲು ಎಂತ ಮಾಡ್ಬೇಕು?

ಗೇಮ್ ಆಡ್ದೇ ಇರೋ ಒಬ್ರನ್ನ ಹುಡುಕಿ ಪಕ್ಕದಲ್ಲಿ ಕೂತ್ಕೊಳ್ಳಿ. ಬಾಯಿ ಬಿಡ್ಬೇಡಿ, ಫೋನಿಗೆ ಕೈ ಹಾಕ್ಬೇಡಿ, ಇದು ಭಾಳ ಕಷ್ಟ, ನನ್ನ ಕೈ ಎಷ್ಟು ಸಲ ಮುಂದೆ ಹೋಯ್ತೋ ಲೆಕ್ಕ ಇಲ್ಲ. ಅವ್ರು ಕೇಳಿದ ಪ್ರಶ್ನೆ ಮಾತ್ರ ಬರ್ಕೊಳ್ಳಿ. ಆಮೇಲೆ ಮಧ್ಯದಲ್ಲಿ ಸೇರೋ ಪಾತ್ರವನ್ನ ಮೊದ್ಲು ಬರೀರಿ, ಮೊದಲಿಂದ ಇರೋ ಪಾತ್ರ ತಾನಾಗೇ ಬರತ್ತೆ. ನಮ್ಮ ಗೇಮಲ್ಲಿ ತಡವಾಗಿ ಬಂದವ್ರು ಮುಂದಿನ ಲಾಂಚಲ್ಲಿ ಬರ್ತಾರೆ, ಮೊದ್ಲು ಬಂದವ್ರು ಮನೆ ಜಗಲಿ ಮೇಲೆ ಬಿಟ್ಟು ಹೋದ ಸಾಮಾನು ನೋಡಿ ಎಂತ ಆಯ್ತು ಅಂತ ತಾವೇ ಜೋಡ್ಸ್ಕೊತಾರೆ, ಕೆಲವು ಬಾಗಿಲು ಅವ್ರು ಬರೋವರೆಗೂ ತೆರೆಯೋದೇ ಇಲ್ಲ.

ನಿಮ್ಮ ಜೊತೆ ಆಡೋಕೆ ಸೇರ್ಬೋದಾ?

ಖಂಡಿತ ಬನ್ನಿ. ಶನಿವಾರ ರಾತ್ರಿ ಊಟ ಆದ್ಮೇಲೆ, ಒಂಬತ್ತೂವರೆ ಹಂಗೆ. ಹೊಸಬ್ರು ಇರೋ ದಿನ ಕಟ್‌ಸೀನ್ ಯಾರೂ ಸ್ಕಿಪ್ ಮಾಡಲ್ಲ, ಬಾಗಿಲ ಹತ್ರ ನಿಂತು ಕಾಯ್ತೀವಿ, ನೀವು ಓದಿ ಮುಗ್ಸಿ ಹೂಂ ಅಂದ್ಮೇಲೆ ಒಳಗೆ ಹೋಗೋದು. ಹೂಂ ಅಂದಾಗ ಮುಂದೆ ಓಡೋದು ನನ್ನ ತಂಗಿ, ಅವಳ ಹಿಂದೆ ಬನ್ನಿ.